ಅಪ್ಪನಕಲ್ಲು

ಬರೆಯಲು ಕೂತರೆ ಸಾಕು, ಮನೆಯಲ್ಲಿ ಯಾರಿಗಾದರೂ ಏನಾದರೂ ಬೇಕಾಗುತ್ತದೆ. ಈಗಷ್ಟೇ ಮತ್ತೆ, ಮಗು ಎದ್ದಿದೆ ಎಂದು ಅತ್ತೆ ನನ್ನನ್ನೇ ಕೂಗಿದರು. ಮಗುವಿನ ಅಪ್ಪ ತೊಟ್ಟಿಲ ಪಕ್ಕದಲ್ಲೇ ಕೂತಿದ್ದರು. ಇರಲಿ. ನಮ್ಮೂರ ಕಾಡಿನ ಹಳ್ಳದಲ್ಲಿ, ಮಂಡಿ ಮಡಚಿ ಕೂತ ಮನುಷ್ಯನ ಹಾಗೆ ಕಾಣುವ ಒಂದು ಬಂಡೆಯಿದೆ. ಅದೇ ಅಪ್ಪನಕಲ್ಲು. ಅದರ ಮೇಲೆ ಬಾಗಿದ ಕೊಂಬೆಯ ಎಲೆಗಳಲ್ಲಿ ಮೊದಲ ಮಳೆಗೆ ಉಗುರಿನಷ್ಟು ಚಿಕ್ಕ ಕಪ್ಪೆಗಳು ಮೊಟ್ಟೆಯಿಡುತ್ತವೆ. ಅವುಗಳ ಹೊಟ್ಟೆಯ ತೊಗಲು ಎಷ್ಟು ತೆಳುವೆಂದರೆ ಒಳಗೆ ಗುಂಡಿಗೆ ಮಿಡಿಯುವುದು ಕಾಣುತ್ತದೆ. ಮೊಟ್ಟೆ ಒಡೆದು ಮರಿಗಳು ನೀರಿಗೆ ಬೀಳುವವರೆಗೂ ಗಂಡುಕಪ್ಪೆ ಕದಲುವುದಿಲ್ಲ.

ಹಿಂದೆ ಒಮ್ಮೆ ಈ ಹಳ್ಳದ ದಡದಲ್ಲಿ ಬುದ್ಯ, ಸೋಮಿ ಎಂಬ ಗಂಡಹೆಂಡಿರಿದ್ದರು ಎನ್ನುತ್ತಾರೆ. ಕಾವಲುಗಪ್ಪೆಯಿರುವ ಕೊಂಬೆಗೆ ಏನನ್ನು ಕಟ್ಟಿದರೂ ಕಪ್ಪೆಯೇ ಕಾಯುತ್ತದೆ ಎಂಬ ನಂಬಿಕೆ ಆಗ ಊರಿಗೆಲ್ಲ ಇತ್ತು. ಜನ ಬುತ್ತಿಗಂಟನ್ನೂ ಅಲ್ಲೇ ತೂಗುಹಾಕುತ್ತಿದ್ದರಂತೆ. ಒಂದು ದಿನ ಸೋಮಿ ಗೆಡ್ಡೆ ಅಗೆಯಲು ಹೊರಟಾಗ ಬುದ್ಯ ಸೀರೆಯ ಜೋಳಿಗೆಯಲ್ಲಿ ಹೆಣ್ಣುಕೂಸನ್ನು ಮಲಗಿಸಿ ಅದೇ ಕೊಂಬೆಗೆ ಕಟ್ಟಿದ.

"ನಾ ಬರೋ ತನಕ ಏಳಬೇಡ ಮಾರಾಯ," ಎಂದಳು ಸೋಮಿ.

"ಕಪ್ಪೆ ಉಂಟಲ್ಲ. ನನಗಿಂತ ಚೆಂದ ಕಾಯ್ತದೆ."

"ಹೌದು, ಅದು ಜೇನು ಕಂಡ್ರೆ ಎದ್ದು ಓಡೂದಿಲ್ಲ."

ಬುದ್ಯ ನಕ್ಕ. ಅವಳು ಮರೆಯಾದ ಮೇಲೆ ಎದುರು ದಿಬ್ಬದಲ್ಲಿ ಜೇನು ಕಂಡಿತು. ಮಳೆ ಹಿಡಿದರೆ ಮತ್ತೆ ಸಿಗದೆಂದು ಹೋದ. ಮೇಲೆ ಘಟ್ಟದಲ್ಲಿ ಆಗಲೇ ಮಳೆ ಸುರಿದಿತ್ತು. ಅವನು ಮರಳುವಷ್ಟರಲ್ಲಿ ಕೆಂಪುನೀರು ನುಗ್ಗಿ ಕೆಳಗೆ ತೂಗುತ್ತಿದ್ದ ಜೋಳಿಗೆಯನ್ನು ಕಿತ್ತೊಯ್ದಿತ್ತು. ನೀರಿಗೆಟುಕದ ಮೇಲಿನ ಎಲೆಯಲ್ಲಿ ಕಪ್ಪೆ ಮಾತ್ರ ತನ್ನ ಮೊಟ್ಟೆಗಳ ಪಕ್ಕ ಹಾಗೆಯೇ ಕೂತಿತ್ತು. ಅದು ಕಾಯುವುದು ತನ್ನದನ್ನು ಮಾತ್ರ ಎಂದು ಅವನಿಗೆ ಆಗ ತಿಳಿಯಿತು. ಅದರೆದುರು ಕೂತವನು ಮತ್ತೆ ಏಳಲಿಲ್ಲ, ಕೂತಲ್ಲೇ ಕಲ್ಲಾದ ಎನ್ನುತ್ತಾರೆ. ಗಂಡಸು ತಪ್ಪು ಮಾಡಿದರೆ ಕಲ್ಲಾಗುತ್ತಾನೆ, ಆಮೇಲೆ ಹೂವೂ ಏರುತ್ತದೆ.

ಇಂದಿಗೂ ನಮ್ಮೂರಲ್ಲಿ ಕೂಸಿಗೆ ಹೆಸರಿಡುವ ಮೊದಲು ಅಪ್ಪನಾದವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಪಕ್ಕ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರಬೇಕು. ಕೂಸು ಅತ್ತರೂ ಹೆಂಗಸರನ್ನು ಕರೆಯುವಂತಿಲ್ಲ. ನೋಡಲು ಬಂದವರಿಗೆ ಬಂಡೆ, ಕುಂಕುಮ, ಎಲೆಯ ಮೇಲಿನ ಕಪ್ಪೆ ಎಲ್ಲ ತೋರಿಸುತ್ತೇವೆ. ಮೊನ್ನೆ ಪೇಟೆಯಿಂದ ಬಂದಿದ್ದ ಬಸುರಿಯೊಬ್ಬಳು ಕತೆಯೆಲ್ಲ ಕೇಳಿ, ಹಳ್ಳದ ಉದ್ದಕ್ಕೂ ಕಣ್ಣಾಡಿಸಿ, ನನ್ನನ್ನೊಂದು ಮಾತು ಕೇಳಿದಳು.

"ಗೆಡ್ಡೆ ಹೊತ್ತುಕೊಂಡು ವಾಪಸು ಬಂದಳಲ್ಲ, ಆ ತಾಯಿ ಎಲ್ಲಿ ಕೂತಳು?"