ಆಲದ ಮರದ ಎರಡು ಬಳಗ

ಒಂದು ಆಲದ ಮರದಲ್ಲಿ ಮೈನಾ ಮತ್ತು ಕಾಜಾಣ ಬೇರೆ ಬೇರೆ ಬಳಗ ಕಟ್ಟಿಕೊಂಡಿದ್ದವು. ಯಾರ ಕೂಗಿಗೆ ಹೆಚ್ಚು ಹಕ್ಕಿಗಳು ಸೇರುತ್ತವೆ ಎಂಬುದೇ ಅವೆರಡರ ಪೈಪೋಟಿ. ಒಂದರ ಮಾತನ್ನು ಇನ್ನೊಂದು ಸುಳ್ಳೆನ್ನುತ್ತಿತ್ತು.

ಒಂದು ಬೆಳಿಗ್ಗೆ ಕಾಜಾಣ, "ಗಿಡುಗ ಬಂತು, ಎಲೆಮರೆಗೆ ಹೋಗಿ!" ಎಂದು ಕೂಗಿತು.

"ನಮ್ಮ ಕೊಂಬೆ ಕಸಿಯುವ ಉಪಾಯ ಇದು. ಯಾರೂ ಕದಲಬೇಡಿ," ಎಂದಿತು ಮೈನಾ.

ಗಿಡುಗ ಎರಗಿ, ಹಾರಲು ಆಗಷ್ಟೇ ಕಲಿತಿದ್ದ ಮೈನಾದ ಮರಿಯನ್ನೇ ಹಿಡಿಯಿತು. ಮೈನಾ ಚೀರಿತು. ಅಷ್ಟರಲ್ಲಿ ಕಾಜಾಣ ಹಾರಿಹೋಗಿ ಗಿಡುಗನ ಬೆನ್ನನ್ನು ಕುಕ್ಕತೊಡಗಿತ್ತು. ಅದನ್ನು ಕಂಡು ಎರಡೂ ಬಳಗದ ಹಕ್ಕಿಗಳು ಒಟ್ಟಾಗಿ ಮುತ್ತಿಕೊಂಡವು. ಗಿಡುಗ ತತ್ತರಿಸಿ ಮರಿಯನ್ನು ಬಿಟ್ಟಿತು. ಮರಿ ರೆಕ್ಕೆ ಬಡಿಯುತ್ತ ಪೊದೆಗೆ ಇಳಿಯಿತು.

"ಅದು ನಿನ್ನ ಬಳಗದ ಮರಿಯಲ್ಲ. ಆದರೂ ಯಾಕೆ ಬಂದೆ?" ಎಂದು ಮೈನಾ ಕೇಳಿತು.

"ಗಿಡುಗ ಬಳಗ ನೋಡಿ ಎರಗುವುದಿಲ್ಲವಲ್ಲ," ಎಂದಿತು ಕಾಜಾಣ. "ನಾನೊಬ್ಬನೇ ಅದನ್ನು ಓಡಿಸಲೂ ಆಗುತ್ತಿರಲಿಲ್ಲ."

ಮೈನಾ ಹೇಳಿತು: "ಕೆರೆಯ ಏರಿಯ ಮೇಲಿನ ಅತ್ತಿ ಹಣ್ಣಾಗಿದೆ. ನಮಗೆ ಹಣ್ಣು, ನಿಮಗೆ ಅದಕ್ಕೆ ಮುತ್ತುವ ಹುಳು. ನಿನ್ನವರನ್ನೂ ಕರೆದುಕೊಂಡು ಬಾ."

ಅಂದಿನಿಂದ ಆ ಮರದಲ್ಲಿ ಯಾರು ಕೂಗಿದರೂ, ಅದು ಯಾವ ಬಳಗದ ಕೂಗು ಎಂದು ಒಂದು ಹಕ್ಕಿಯೂ ಕೇಳಲಿಲ್ಲ.