ಡಬ್ಬಿ ನೋಡಿ ಮಾಡಿದ ಸೀಕರಣೆ

ಧಾರವಾಡದ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿ ನೀಲವ್ವ ರೋಗಿಗಳಿಗೆ ಅಡುಗೆ ಮಾಡುತ್ತಿದ್ದಳು. ಒಂದು ದಿನ ಮ್ಯಾನೇಜರ್ ಸಾಹೇಬರು ಮಾವಿನ ಪಾನೀಯದ ಡಬ್ಬಿಗಳನ್ನು ತರಿಸಿದರು. "ನಾಳಿಂದ ಪೇರಲ ಹಣ್ಣು ಬ್ಯಾಡ, ಎಲ್ಲಾರಿಗೂ ಇದನ್ನ ಕೊಡು. ಮ್ಯಾಲೆ ಹಣ್ಣಿನ ಚಿತ್ರಾನೇ ಐತಲ್ಲ!" ಎಂದರು.

ವಾರ್ಡಿನಲ್ಲಿ ಅರ್ಧ ಮಂದಿ ಸಕ್ಕರೆ ಕಾಯಿಲೆಯವರು. ನೀಲವ್ವ ಡಬ್ಬಿಯ ಹಿಂಬದಿ ಸಣ್ಣ ಅಕ್ಷರಗಳಲ್ಲಿದ್ದ ಪದಾರ್ಥಗಳ ಪಟ್ಟಿ ಓದಿದಳು.

ಮಧ್ಯಾಹ್ನ ಸಾಹೇಬರು ಊಟಕ್ಕೆ ಕೂತು ಮಾವಿನ ಸೀಕರಣೆ ಕೇಳಿದರು. ಬಟ್ಟಲು ತುಂಬ ಸಕ್ಕರೆ ನೀರು, ಅದರಲ್ಲಿ ಹಣ್ಣಿನ ಎರಡೇ ಹೋಳು ಬಂದವು.

"ಇದೆಂಥಾ ಸೀಕರಣಿ?"

"ನಿಮ್ಮ ಡಬ್ಬಿ ನೋಡೇ ಮಾಡೇನ್ರೀ. ಯಾವುದನ್ನ ಹೆಚ್ಚು ಹಾಕಿರ್ತಾರೋ ಅದನ್ನ ಮೊದಲು ಬರೀತಾರ. ಮೊದಲು ನೀರು, ಆಮ್ಯಾಲೆ ಸಕ್ಕರಿ, ಹಣ್ಣು ಮೂರನೇದು."

ಸಾಹೇಬರು ಕನ್ನಡಕ ಏರಿಸಿ ಆ ಸಣ್ಣ ಅಕ್ಷರಗಳನ್ನು ಎರಡು ಸಲ ಓದಿದರು.

"ಡಬ್ಬಿ ವಾಪಸ್ ಕಳಸು," ಎಂದು ಗೊಣಗಿ ಬಟ್ಟಲು ಮುಂದೆ ಚಾಚಿದರು. "ಇದಕ್ಕ ಇನ್ನಷ್ಟು ಹಣ್ಣು ಹಾಕವಾ."