ನೀರೇ ಹೊರಬಾರದ ಮನೆ

ಪುರಸಭೆಯಲ್ಲಿ ನಕ್ಷೆ ಬರೆಯೋ ಪುಟ್ಟತಾಯಿಗೆ ಆ ದಿನ ಕೂತಲ್ಲಿ ಕೂರಲಾಗದ ಚಡಪಡಿಕೆ ಕಣ್ರಪ್ಪ. ಯಾವ ಮನೆಯ ನೀರು ಯಾವ ಮೋರಿಗೆ ಸೇರುತ್ತೆ ಅಂತ ಗೆರೆ ಎಳೆದು, ಸಂಜೆಯೊಳಗೆ ಊರವರಿಗೆ ಕಾಣೋ ಹಾಗೆ ಗೋಡೆಗೆ ಅಂಟಿಸಬೇಕು. ಮೋಡ ಬೇರೆ ಕವಿದಿದೆ.

ಅಷ್ಟರಲ್ಲಿ ಮೆಂಬರ್ ಚೌಡಪ್ಪನವರು ನುಗ್ಗಿದರು. ಅವರು ದೊಡ್ಡ ಮೋರಿಯ ಮೇಲೇ ಕಾಂಪೌಂಡ್ ಕಟ್ಟಿಸಿದ್ದರು. ಮೋರಿಯ ಗೆರೆಯೊಳಗೆ ಬಂದ ಮನೆಯವರು ಅಂಥದ್ದನ್ನೆಲ್ಲ ಕೆಡವಬೇಕು ಅಂತ ಪುರಸಭೆಯ ಆಜ್ಞೆ. ಕೆಡವದಿದ್ದರೆ ಮಳೆನೀರು ಕೆಳಗಿನ ಕೇರಿಗೆ, ಪುಟ್ಟತಾಯಿಯ ಒಲೆಗೇ ನುಗ್ಗುತ್ತೆ.

"ಏನಮ್ಮ, ನಮ್ಮನೆ ಯಾವ ಮೋರಿಗೂ ಸೇರಬಾರದು. ಗೆರೆಯಾಚೆ ಇಡು. ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ!"

"ಆಗಲಿ ಸ್ವಾಮಿ."

ಹೇಳಿದ ಹಾಗೇ ಮಾಡಿದಳು. ಊರಿಗೆಲ್ಲ ಬಣ್ಣ ಬಳಿದು, ಅವರ ಮನೆಯೊಂದನ್ನೇ ಬೆಳ್ಳಗೆ ಬಿಟ್ಟಳು. ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದಳು: 'ಚೌಡಪ್ಪನವರ ಮನೆ. ಇಲ್ಲಿಂದ ನೀರು ಹೊರಗೆ ಬರುವುದಿಲ್ಲ.'

ಅಂಟಿಸಿದ್ದೇ ತಡ, ಜನ ಮುತ್ತಿಕೊಂಡರು.

"ನೀರೇ ಬರಲ್ವಂತೆ! ಹಂಗಾರೆ ಆ ಮನೇಲಿ ಯಾರೂ ಮೈ ತೊಳೆಯಲ್ವೇನೇ?"

"ತಟ್ಟೆ ತೊಳೆಯದ ಮನೆಗೆ ನಾಳೆ ಬೀಗರು ಊಟಕ್ಕೆ ಬರ್ತಾರಲ್ಲೇ, ಪಾಪ!"

ಚೌಡಪ್ಪನವರು ಏದುಸಿರು ಬಿಡುತ್ತಾ ಓಡಿಬಂದರು. "ಯಾವನ್ರೀ ಹೇಳಿದ್ದು? ನಾವು ದಿನಾ ಹಂಡೆಗಟ್ಟಲೆ ನೀರು ಸುರೀತೀವಿ. ಎಲ್ಲಾ ದೊಡ್ಡ ಮೋರಿಗೇ ಹೋಗೋದು!"

ಪುಟ್ಟತಾಯಿ ಕುಂಚ ಎತ್ತಿದಳು. "ಹಾಗಾದ್ರೆ ಗೆರೆಯೊಳಗೆ ತಗೊಳ್ಳಲಾ ಸ್ವಾಮಿ? ಕಾಂಪೌಂಡ್ ಹೋಗುತ್ತೆ."

ಅವರು ಸುತ್ತ ನೋಡಿದರು. ಎಲ್ಲರೂ ಮೂಗು ಮುಚ್ಚಿಕೊಂಡು ನಿಂತಿದ್ದರು.

"ಹೋದ್ರೆ ಹೋಗಲಿ, ತಗೊಳ್ಳಮ್ಮ! ಬೀಗರು ಬರೋಕೆ ಮುಂಚೆ ತಗೋ!"